ಪಿಯಾನೊ ಮತ್ತು ಭೂಪಟ

ಸೋದಾಹರಣ ಉಪನ್ಯಾಸ ನಮಗೇನೂ ಹೊಸದಲ್ಲ. ಗಮಕಿ ಪದ್ಯ ಹಾಡುತ್ತಾರೆ, ಪಕ್ಕದಲ್ಲಿ ಕುಳಿತವರು ಅರ್ಥ ಬಿಡಿಸುತ್ತಾರೆ. ಪಶ್ಚಿಮದ ಪಿಯಾನೊ ಸಂಗೀತದಲ್ಲೂ ಇಂಥ ಪದ್ಧತಿಯಿದೆ. ಅಲ್ಲಿ ವಾಚನ, ವ್ಯಾಖ್ಯಾನ ಎರಡೂ ಸಾಮಾನ್ಯವಾಗಿ ಒಬ್ಬರದೇ. ಸ್ವಲ್ಪ ನುಡಿಸಿ, ಸಭೆಯತ್ತ ತಿರುಗಿ ನಾಲ್ಕು ಮಾತಾಡಿ, ಮತ್ತೆ ನುಡಿಸುತ್ತಾರೆ. ವಿಷಯ ಬಹಳ ಸಲ ದೇಶವಾರು. ಒಂದು ಸಂಜೆ ಪೋಲೆಂಡ್, ಒಂದು ಸಂಜೆ ರಷ್ಯಾ, ಇನ್ನೊಂದು ಸ್ಪೇನ್. 'ರಾಷ್ಟ್ರೀಯ ಪಂಥಗಳು' ಎಂದು ಇವಕ್ಕೆ ಹೆಸರು.

ಈ ಬಗೆಯ ಸಾಹಸಕ್ಕೆ ದೊಡ್ಡ ಹೆಸರು ರಷ್ಯಾದ ಆಂಟನ್ ರುಬಿನ್‌ಸ್ಟೈನ್. 1885-86ರಲ್ಲಿ ಈತ ಯುರೋಪಿನ ನಗರಗಳಲ್ಲಿ ಏಳೇಳು ಕಛೇರಿಗಳ ಸರಣಿ ನಡೆಸಿ ಪಿಯಾನೊ ಸಂಗೀತದ ಚರಿತ್ರೆಯನ್ನೇ ನುಡಿಸಿಬಿಟ್ಟ. ಬೀಥೋವೆನ್ನನ ಎಂಟು ಸೊನಾಟಾಗಳು ಒಂದೇ ಸಂಜೆಗೆ! ಕೇಳಿದವರ ತಾಳ್ಮೆಗೂ ನಮಸ್ಕಾರ. ಆಮೇಲೆ, 1888-89ರಲ್ಲಿ, ತಾನೇ ಸ್ಥಾಪಿಸಿದ ಸೇಂಟ್ ಪೀಟರ್ಸ್‌ಬರ್ಗಿನ ಸಂಗೀತ ವಿದ್ಯಾಲಯದಲ್ಲಿ ನುಡಿಸುತ್ತ, ವಿವರಿಸುತ್ತ ಪಾಠ ಮಾಡಿದ. ಆ ಏಳು ಕಛೇರಿಗಳಲ್ಲಿ ರಷ್ಯಾದವರ ಸರದಿ ಬಂದದ್ದು ಕಟ್ಟಕಡೆಯ ಸಂಜೆ.

ನನ್ನ ತಕರಾರು ಶುರುವಾಗುವುದು ಇಲ್ಲೇ. ಬಾಖ್, ಬೀಥೋವೆನ್, ಬ್ರಾಮ್ಸ್ ಇವರನ್ನು 'ಜರ್ಮನ್ ರಾಷ್ಟ್ರೀಯ ಪಂಥ' ಎಂದು ಪರಿಚಯಿಸುವವರು ಅಪರೂಪ. ಅವರದು ಬರೀ ಸಂಗೀತ. ಗ್ರೀಗ್ ಮಾತ್ರ ನಾರ್ವೆಯವನು, ಅಲ್ಬೇನಿಸ್ ಸ್ಪೇನಿನವನು. ನಮ್ಮ ಮನೆಯಲ್ಲಿ ಮಾಡುವುದು ಬರೀ ಸಾರು, ಪಕ್ಕದ ಮನೆಯವರದು 'ಉಡುಪಿ ಸಾರು' ಎಂದ ಹಾಗಲ್ಲವೇ ಇದು? ಊರಿನ ಹೆಸರು ಅಂಟಿದ ಕೂಡಲೇ ಪದಾರ್ಥ ಸ್ವಲ್ಪ ವಿಶೇಷವೂ ಆಗುತ್ತದೆ, ಸ್ವಲ್ಪ ಕೆಳಗೂ ಇಳಿಯುತ್ತದೆ.

ಶೋಪ್ಯಾನನನ್ನೇ ನೋಡಿ. ಹುಟ್ಟಿದ್ದು ಪೋಲೆಂಡಿನಲ್ಲಿ, 1810ರಲ್ಲಿ. ತಂದೆ ಫ್ರೆಂಚರು, ತಾಯಿ ಪೋಲೆಂಡಿನವರು. ಹುಡುಗನಾಗಿದ್ದಾಗ ಬೇಸಿಗೆ ರಜೆಗೆ ಹಳ್ಳಿಗೆ ಹೋಗಿ ಅಲ್ಲಿನ ಹಾಡು, ಕುಣಿತ ಕೇಳಿದ್ದ. 1830ರಲ್ಲಿ ವಾರ್ಸಾ ಬಿಟ್ಟವನು ಮತ್ತೆ ತಿರುಗಿ ಹೋಗಲಿಲ್ಲ. ಅವನ ಐವತ್ತಕ್ಕೂ ಹೆಚ್ಚು ಮಜೂರ್ಕಾಗಳಲ್ಲಿ ಬಹುಪಾಲು ಹುಟ್ಟಿದ್ದು ಫ್ರಾನ್ಸಿನಲ್ಲಿ. 'ಇದು ಪೋಲೆಂಡಿನ ಆತ್ಮ' ಎಂದು ಹೇಳಿ ವ್ಯಾಖ್ಯಾನಕಾರರು ಕೈ ತೊಳೆದುಕೊಂಡರೆ ನಮಗೆ ದಕ್ಕಿದ್ದೇನು? ಅದರ ಬದಲು, ಮೂರೆಣಿಕೆಯಲ್ಲಿ ಒತ್ತು ಮೊದಲನೆಯದಕ್ಕೇ ಬೀಳದೆ ಎರಡನೆಯದಕ್ಕೋ ಮೂರನೆಯದಕ್ಕೋ ಜಾರುವುದನ್ನು ಒಮ್ಮೆ ಚಪ್ಪಾಳೆ ಹಾಕಿ ತೋರಿಸಿದರೆ ಸಾಕು. ಅಷ್ಟು ಗೊತ್ತಾದರೆ, ಕುಣಿಯಲು ಬಾರದ ಈ ಕುಣಿತಗಳು, ದೂರದಲ್ಲಿ ಕುಳಿತು ನೆನಪಿಸಿಕೊಂಡ ಕುಣಿತಗಳು, ತಾವಾಗಿಯೇ ಕಿವಿಗೆ ತೆರೆದುಕೊಳ್ಳುತ್ತವೆ.

ಹಾಗೆಂದು ದೇಶದ ಮಾತೇ ಬೇಡವೆನ್ನಲೂ ಆಗದು. 1849ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅವನ ಹೃದಯವನ್ನು ವಾರ್ಸಾಕ್ಕೆ ತಂದವಳು ಅಕ್ಕ ಲುಡ್ವಿಕಾ. ಈಗಲೂ ಅದು ಅಲ್ಲಿನ ಹೋಲಿ ಕ್ರಾಸ್ ಚರ್ಚಿನ ಕಂಬವೊಂದರೊಳಗಿದೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡನ್ನು ಆಕ್ರಮಿಸಿದ ನಾಜಿಗಳು ಅವನ ಸಂಗೀತದ ಮೇಲೆ ನಿಷೇಧ ಹೇರಿದಾಗ ಜನ ಮನೆಗಳೊಳಗೆ ಗುಟ್ಟಾಗಿ ಸೇರಿ ಕೇಳುತ್ತಿದ್ದರು. ಆ ಕೇಳುಗರಿಗೆ 'ಪೋಲೆಂಡ್' ಎಂಬುದು ಕಾರ್ಯಕ್ರಮ ಪಟ್ಟಿಯ ಚೀಟಿಯಾಗಿರಲಿಲ್ಲ.

ಅದೇ ಯುದ್ಧದ ಇನ್ನೊಂದು ಬದಿ ಲಂಡನ್. ಅಲ್ಲಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ಬಾಂಬಿಗೆ ಹೆದರಿ ಬೇರೆಡೆ ಸಾಗಿಸಿದ್ದರು. ಆ ಬರಿಗೋಡೆಗಳ ನಡುವೆ ಮೈರಾ ಹೆಸ್ ಎಂಬ ಪಿಯಾನೊ ವಾದಕಿ 1939ರ ಅಕ್ಟೋಬರಿನಲ್ಲಿ ಮಧ್ಯಾಹ್ನದ ಕಛೇರಿ ಆರಂಭಿಸಿದರು. ಪ್ರವೇಶಕ್ಕೆ ಒಂದು ಶಿಲ್ಲಿಂಗ್. ಆರು ವರ್ಷಗಳಿಗೂ ಮೀರಿ, ಸುಮಾರು 1,700 ಕಛೇರಿಗಳು. ಅಲ್ಲಿ ಈಕೆ ಬಾಖ್ ನುಡಿಸಿದರು, ಬೀಥೋವೆನ್ ನುಡಿಸಿದರು. ಶತ್ರುದೇಶದವರೆಂದು ಯಾರನ್ನೂ ಹೊರಗಿಡಲಿಲ್ಲ. ಉಪನ್ಯಾಸ ಮಾಡದೆಯೇ ಹೇಳಬೇಕಾದ್ದನ್ನು ಹೇಳಿದರು ಅನ್ನಿ.

ಸ್ಪೇನಿನ ಸಂಜೆಗಳಲ್ಲಿ ಅಲ್ಬೇನಿಸನ 'ಇಬೇರಿಯಾ' ತಪ್ಪುವುದೇ ಇಲ್ಲ. ಅದರ ಹನ್ನೆರಡು ಕೃತಿಗಳನ್ನು ಅವನು ರಚಿಸಿದಾಗ ವಾಸ ಫ್ರಾನ್ಸಿನಲ್ಲಿ. ಮೊದಲು ನುಡಿಸಿದವಳು ಬ್ಲಾಂಶ್ ಸೆಲ್ವಾ ಎಂಬ ಫ್ರೆಂಚ್ ಹೆಣ್ಣುಮಗಳು. ಭೂಪಟದಲ್ಲಿ ಇವಳಿಗೆ ಜಾಗವೆಲ್ಲಿ?

ಇನ್ನು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ (1919-1974). ಶ್ರೀವಿದ್ಯಾ ಅಂಕಿತದ ಅವರ ಕೃತಿಗಳನ್ನು ನಮ್ಮಲ್ಲಿ ಎಷ್ಟೋ ಮಂದಿ ಹಾಡುತ್ತಾರೆ. ಅವರೇ ಒಳ್ಳೆಯ ಪಿಯಾನೊ ವಾದಕರೂ ಆಗಿದ್ದರೆಂಬುದನ್ನು ನೆನೆಯುವವರು ಕಡಿಮೆ. ಲಂಡನ್ನಿನಲ್ಲಿ ವಯಸ್ಸಾಗಿ, ಹೃದಯದ ಕಾಯಿಲೆಯಿಂದ ಸೋತಿದ್ದ ಸಂಗೀತಗಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು ಸಾಧ್ಯವಾದದ್ದು ಇವರ ಹಣದಿಂದ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೋವನ್ನು ಇವರಿಗೇ ಅರ್ಪಿಸಿದ. ಈ ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, ವಂಶ ಜರ್ಮನ್ ಮೂಲದ್ದು, ಮನಸ್ಸು ಬೀಥೋವೆನ್ನನ ಮೇಲೆ, ತೀರಿಕೊಂಡದ್ದು 1951ರಲ್ಲಿ ಇಂಗ್ಲೆಂಡಿನಲ್ಲಿ. ರಷ್ಯಾದ ಸಂಜೆಗೆ ಕರೆದರೆ, ಹಳ್ಳಿಯ ಹಾಡಿನ ಗುರುತು ಸಾಲದೆಂದು ಇವನನ್ನು ಬಿಡುತ್ತಾರೆ. ಜರ್ಮನ್ ಸಂಜೆಯಂತೂ ನಡೆಯುವುದೇ ಅಪರೂಪ. ಹೀಗೆ ಎರಡು ಪಟ್ಟಿಗಳ ನಡುವೆ ಬಿದ್ದುಹೋದವನನ್ನು ಹೆಕ್ಕಿಕೊಂಡದ್ದು ಮೈಸೂರಿನ ಅರಮನೆಯಲ್ಲಿದ್ದ ಒಂದು ಕಿವಿ.