ಮಸಿಯಲ್ಲಿ ಮೂಡಿದ ಹಸೆ ಚಿತ್ತಾರ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ವಾಚಕರಿಗೆ ಹಸೆ ಚಿತ್ತಾರವು ಹೊಸತಲ್ಲ. ಮದುವೆಯ ಕಾಲಕ್ಕೆ ದೀವರ ಮನೆಯ ಹೆಂಗಸರು ಗೋಡೆಯ ಮೇಲೆ ಬರೆಯುವ ಈ ಚಿತ್ತಾರವನ್ನು ಈಚೆಗೆ ಬಿಳಿಯ ಕಾಗದದ ಮೇಲೆ ಬರಿಯ ಕಪ್ಪು ಮಸಿಯಲ್ಲಿ ಕಂಡೆನು. ಬರೆದಾಕೆ ಹಿಂದೆ ನನ್ನಲ್ಲಿ ಓದಿದವಳು. ಆಗ ಆಕೆ ಲೆಕ್ಕದ ಪುಸ್ತಕದ ಅಂಚಿನಲ್ಲಿ ಇಂತಹವೇ ಗೆರೆಗಳನ್ನೆಳೆದಿದ್ದುದನ್ನು ನೋಡಿ, ಇದು ಯಾವುದರ ಚಿತ್ರವೆಂದು ಗದರಿಸಿ ಅಳಿಸಿಹಾಕಿಸಿದ್ದೆನು. ಆ ಪ್ರಶ್ನೆಯೇ ಅವಿವೇಕದ್ದೆಂದು ಈಗ ತೋರುತ್ತದೆ.

ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರನು ಚಿತ್ರಕ್ಕೆ 6 ಅಂಗಗಳನ್ನು ಹೇಳಿರುವನು. ಪಾಠಶಾಲೆಯಲ್ಲಿ ಕಲಿತ ನನ್ನಂಥವರು ಅವುಗಳಲ್ಲಿ ಸಾದೃಶ್ಯವೊಂದನ್ನೇ ಹಿಡಿದು ಪ್ರಮಾಣವನ್ನು ಮರೆತೆವು. ಈ ಚಿತ್ರದಲ್ಲಿ ಸಾದೃಶ್ಯವು ಅತ್ಯಲ್ಪ; ಪ್ರಮಾಣವೇ ಸರ್ವಸ್ವ. ಚೌಕದೊಳಗೆ ಚೌಕ, ಅದರ ಸುತ್ತ ತ್ರಿಕೋನಗಳ ಸಾಲು, ಜೊತೆಜೊತೆಯಾಗಿ ಸಾಗುವ ಎಳೆಗಳು. ಎರಡು ಎಳೆಗಳ ನಡುವಣ ಬಿಳುಪು ಎಳೆಯಷ್ಟೇ ಅಗಲವಾಗಿರುವುದರಿಂದ, ಸ್ವಲ್ಪ ಹೊತ್ತು ನೋಡಿದರೆ ಬರೆದದ್ದು ಮಸಿಯೋ ಕಾಗದವೋ ತಿಳಿಯದಂತಾಗುತ್ತದೆ. ಈ ಭ್ರಮೆಯಲ್ಲಿಯೇ ಇದರ ರಸವಿದೆಯೆಂದು ನನ್ನ ಮತ.

ಗೋಡೆಯಲ್ಲಾದರೆ ಕೆಮ್ಮಣ್ಣಿನ ನೆಲೆ, ಅಕ್ಕಿಹಿಟ್ಟಿನ ಬಿಳುಪು, ಕರಿಕಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ ಇವೆಲ್ಲ ಕೈಯ ಸಣ್ಣ ತಪ್ಪುಗಳನ್ನು ಮುಚ್ಚಿಕೊಡುತ್ತವೆ. ಮಸಿಗೆ ಆ ದಾಕ್ಷಿಣ್ಯವಿಲ್ಲ. ಮತ್ತೊಂದು ತೊಡಕೂ ಉಂಟು. ಪುಂಡಿನಾರಿನ ಕುಂಚವು ಹೆಚ್ಚು ಹಿಟ್ಟನ್ನು ಹೊರಲಾರದು. ಬರೆಯುವವಳು ಮತ್ತೆ ಮತ್ತೆ ಕೈಯೆತ್ತಿ ಅದ್ದಬೇಕು. ಆ ಬೆಸುಗೆಗಳಲ್ಲಿ ರೇಖೆ ಉಸಿರಾಡುತ್ತದೆ. ಲೇಖನಿಯಾದರೋ ನಿಲ್ಲದೆ ಓಡುವುದು. ಒಳಗಿನ ಚೌಕಗಳಲ್ಲಿ ನಮ್ಮ ಚಿತ್ರಕರ್ತ್ರಿಯು ಮೂಲೆಮೂಲೆಗೂ ಕೈಯೆತ್ತಿರುವಳು. ಅಲ್ಲಿ ಗೆರೆ ಜೀವಂತವಾಗಿದೆ. ಹೊರ ಅಂಚನ್ನು ಮಾತ್ರ ಅಳತೆಪಟ್ಟಿಯಿಟ್ಟು ಎಳೆದಂತಿದೆ. ಅದು ತಪ್ಪಿಲ್ಲದೆ ಇದೆ, ಸತ್ತಿದೆ. ನಾಲ್ಕೂ ಕಡೆಯ ಆ ಅಂಚನ್ನು ಕತ್ತರಿಸಿ ತೆಗೆದರೂ ನಷ್ಟವಿಲ್ಲ.

ನಡುವಿನ ಬರಿದಾದ ಚೌಕವನ್ನು ಕುರಿತು ನಾನಿನ್ನೂ ನಿಶ್ಚಯಿಸಲಾರೆ. ಗೋಡೆಯ ಚಿತ್ತಾರದ ಮುಂದೆ ಹಸೆಯ ಮೇಲೆ ವಧೂವರರು ಕುಳಿತುಕೊಳ್ಳುವರು. ಅವರು ಕುಳಿತಾಗಲೇ ಅದು ಪೂರ್ಣವಾಗುವುದು. ಕಾಗದದ ಮುಂದೆ ಕುಳಿತವನು ನಾನೊಬ್ಬ ಮುದುಕ. ಆ ಬಿಳುಪು ಯಾರನ್ನೋ ಕಾಯುತ್ತಿರುವಂತೆ ಕಂಡಿತು. ಅದು ಕೊರತೆಯೋ, ಆಕೆಯ ಉದ್ದೇಶವೋ?

ಕೇಳಿಯೇ ಬಿಡೋಣವೆಂದು ಹೋದೆನು. ಅಂದು ಭೂಮಿ ಹುಣ್ಣಿಮೆಯ ಹಿಂದಿನ ದಿನ. ಆಕೆ ಕೆಮ್ಮಣ್ಣು ಬಳಿದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹಿಟ್ಟಿನ ಎಳೆಯೆಳೆಯುತ್ತಿದ್ದಳು. "ಒಣಗುವುದರೊಳಗೆ ಮುಗಿಸಬೇಕು, ಮೇಷ್ಟ್ರೆ, ಕುಳಿತುಕೊಳ್ಳಿ" ಎಂದಳು. ಕುಳಿತು ನೋಡುತ್ತಿದ್ದೆನು, ಕೇಳುವುದು ಮರೆತೇಹೋಯಿತು.