ನಟರ ಕೈಗೆ ಬಂದ ನಿರ್ದೇಶನ

ಕನ್ನಡದಲ್ಲಿ ನಿರ್ದೇಶನದ ಒಂದು ದೊಡ್ಡ ಧಾರೆ ನಟರಿಂದಲೇ ಹರಿದುಬಂದಿದೆ. ಕಂಪನಿ ನಾಟಕಗಳ ಕಾಲದಲ್ಲಿ ಮಾಲೀಕರೇ ಪಾತ್ರ ಕಟ್ಟುತ್ತಿದ್ದರು, ಅವರೇ ತಾಲೀಮು ಮಾಡಿಸುತ್ತಿದ್ದರು. ಅಂಥ ಮಾಲೀಕರಲ್ಲೊಬ್ಬರಾದ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ನಟಿಯಾಗಿ ಹೆಸರು ಮಾಡಿದವರು. ‘ಸ್ಪಂದನ’ ತಂಡಕ್ಕೆ ‘ಲಕ್ಷಾಪತಿ ರಾಜನ ಕಥೆ’, ‘ಕರಿಮಾಯಿ’ಗಳನ್ನು ನಿರ್ದೇಶಿಸಿದಾಗಲೂ ಹಾಡು-ಕುಣಿತಗಳ ಆ ಮನೆತನದ ಕಸುವನ್ನು ಬಿಟ್ಟುಕೊಡಲಿಲ್ಲ. ಈ ಧಾರೆಗೆ ಟೆಲಿವಿಷನ್ ಸಿಕ್ಕಾಗ ಏನಾಯಿತು ಎಂಬುದನ್ನು ನಮ್ಮ ವಿಮರ್ಶೆ ಸಾಕಷ್ಟು ಕೇಳಿಕೊಂಡಿಲ್ಲ.

ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಕೈಗೆತ್ತಿಕೊಂಡಾಗ ಕನ್ನಡದ ದೊಡ್ಡ ನಾಯಕನಟ. ‘ಆಟೋ ರಾಜ’ ಬಂದು ಆರೇಳು ವರ್ಷ ಆಗಿತ್ತಷ್ಟೆ. ಆಗುಂಬೆಯಲ್ಲಿ ಊರು ಕಟ್ಟಿ, ನಡುವೆ ಮಾಸ್ಟರ್ ಮಂಜುನಾಥ್ ಎಂಬ ಹುಡುಗನನ್ನು ನಿಲ್ಲಿಸಿ, ತಾವು ಕ್ಯಾಮೆರಾದ ಹಿಂದೆ ಸರಿದರು. ಅದಕ್ಕಿಂತ ದಿಟ್ಟ ಕೆಲಸ ಜಗನ್ ಪಾತ್ರದ ಆಯ್ಕೆ. ಮಗ ಅಮೆರಿಕಕ್ಕೆ ಹೋಗಿಬರುವಷ್ಟು ದೊಡ್ಡವನಾಗಿರುವ ಮಿಠಾಯಿ ಅಂಗಡಿಯ ವಿಧುರ ಅವನು. ಅದನ್ನು ಆಡಿದವರು ಆಗಿನ್ನೂ ನಾಯಕನ ಪಾತ್ರಗಳಲ್ಲಿದ್ದ ಅನಂತ್‌ನಾಗ್. ಮಗನೆದುರು ನಿಂತಾಗ ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುವ ಅಪ್ಪ. ನೇರ ಕೇಳಲಾಗದೆ ಮೂರನೆಯವರ ಮೂಲಕ ವಿಚಾರಿಸುವ ಅಪ್ಪ. ಆ ಅಂಜಿಕೆ ಮುಖದಲ್ಲಿ ಮೂಡುವವರೆಗೂ ದೃಶ್ಯ ಕಾಯುತ್ತದೆ. ನಟನಿಗೆ ಎಷ್ಟು ಹೊತ್ತು ಬೇಕೆಂದು ಮೈಯಾರೆ ತಿಳಿದವರು ಮಾತ್ರ ಹಾಗೆ ಕಾಯಬಲ್ಲರು. ಧಾರಾವಾಹಿ ಹಿಂದಿಯದಾದರೂ ಅದರ ಜೀವ ಕನ್ನಡ ರಂಗಭೂಮಿಯದು ಎಂದು ನಾನು ಹೇಳುವುದು ಇದಕ್ಕೇ.

ಅದೇ ಹೊತ್ತಿನಲ್ಲಿ ‘ಸಂಕೇತ್’ ರಂಗತಂಡವೂ ಶಂಕರ್ ಜೊತೆಗಿತ್ತು. ‘ಅಂಜುಮಲ್ಲಿಗೆ’ಯಿಂದ ‘ನಾಗಮಂಡಲ’ದವರೆಗೆ ರಂಗದ ಕೆಲಸ ನಿಲ್ಲಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತಾರೂ ತುಂಬಿರಲಿಲ್ಲ.

‘ಮಾಲ್ಗುಡಿ ಡೇಸ್’ನಲ್ಲಿ ಮಂಜುನಾಥ್ ಆಡಿದ ಸ್ವಾಮಿಯ ತಾಯಿಯಾಗಿದ್ದ ವೈಶಾಲಿ ಕಾಸರವಳ್ಳಿ ಈ ದಾರಿಯನ್ನು ಮುಂದುವರಿಸಿದರು. ಅವರ ಕೊಡುಗೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ. ‘ಆಕ್ರಮಣ’, ‘ಮೂರು ದಾರಿಗಳು’ ಚಿತ್ರಗಳ ನಟಿಯಾಗಿ ಅವರನ್ನು ನೆನೆಯುತ್ತೇವೆ. ‘ತಾಯಿಸಾಹೇಬ’ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದನ್ನೂ ನೆನೆಯುತ್ತೇವೆ. ಆದರೆ ತಾವು ನಿರ್ದೇಶಿಸಿದ ‘ಮೂಡಲ ಮನೆ’ ಧಾರಾವಾಹಿಯಲ್ಲಿ ಅವರು ಮಾಡಿದ್ದು ಇನ್ನೂ ಕಷ್ಟದ್ದು. ಉತ್ತರ ಕರ್ನಾಟಕದ ಆಡುಮಾತು ಟಿ.ವಿ.ಯಲ್ಲಿ ನಗಿಸುವ ಪಾತ್ರಗಳ ಪಾಲಿಗೆ ಬಿಟ್ಟಂತಿದ್ದ ದಿನಗಳಲ್ಲಿ, ಒಂದು ತುಂಬು ಕುಟುಂಬದ ದುಃಖ, ಹಟ, ಮರ್ಯಾದೆಗಳೆಲ್ಲ ಆ ಮಾತಿನಲ್ಲೇ ನಡೆದವು. ಅಲ್ಲಿ ಹೆಂಗಸರು ಕೆಲಸ ಮಾಡುತ್ತಲೇ ಮಾತಾಡುತ್ತಾರೆ. ಸೆರಗು, ಕೈ, ಕೂರುವ ಭಂಗಿ ಎಲ್ಲಕ್ಕೂ ಪಾತ್ರದಲ್ಲಿ ಪಾಲಿದೆ.

ಈ ಧಾರೆಯ ಕೊರತೆಯನ್ನೂ ಹೇಳಲೇಬೇಕು. ನಟನ ಮೇಲಿನ ನಂಬಿಕೆ ಬರಬರುತ್ತ ಮಾತಿನ ಮೇಲಿನ ನಂಬಿಕೆಯಾಗಿಬಿಡುತ್ತದೆ. ರಂಗಭೂಮಿಯಿಂದಲೇ ಬಂದ ಟಿ.ಎನ್. ಸೀತಾರಾಮ್ ‘ಮಾಯಾಮೃಗ’, ‘ಮುಕ್ತ’ದಂಥ ಧಾರಾವಾಹಿಗಳಿಂದ ಮಧ್ಯಮ ವರ್ಗದ ನೈತಿಕ ಇಕ್ಕಟ್ಟುಗಳನ್ನು ಮನೆಮನೆಯ ಚರ್ಚೆಯಾಗಿಸಿದರು, ಆ ಸಾಧನೆ ಸಣ್ಣದಲ್ಲ. ಆದರೂ ಅವರೇ ಆಡಿದ ವಕೀಲ ಸಿ.ಎಸ್.ಪಿ. ನ್ಯಾಯಾಲಯಕ್ಕೆ ಬಂದನೆಂದರೆ ಉಳಿದವರು ಕೇಳುಗರಾಗುತ್ತಾರೆ, ಕ್ಯಾಮೆರಾಕ್ಕೆ ಮುಖದಿಂದ ಮುಖಕ್ಕೆ ತಿರುಗುವುದೊಂದೇ ಕೆಲಸ ಉಳಿಯುತ್ತದೆ. ಶಂಕರ್ ಬಿಟ್ಟುಕೊಟ್ಟ ನಡುವಿನ ಜಾಗ ಇಲ್ಲಿ ಮತ್ತೆ ನಿರ್ದೇಶಕನಿಗೇ ಬಂತು.

ದಿನಕ್ಕೊಂದು ಎಪಿಸೋಡು ಬೇಡುವ ಇಂದಿನ ವ್ಯವಸ್ಥೆಯಲ್ಲಿ ತಾಲೀಮಿಗೆ ಸಮಯವೆಲ್ಲಿದೆ? ಸಹಾಯಕರು ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಮಾಡುತ್ತಾರೆ, ನಟರು ಒಪ್ಪಿಸಿಬಿಡುತ್ತಾರೆ. ನಟನೆಯಿಂದ ಬಂದ ನಿರ್ದೇಶಕರ ಮುಖ್ಯ ಬಂಡವಾಳವೇ ಅಲ್ಲಿ ಕೆಲಸಕ್ಕೆ ಬಾರದಾಗುತ್ತದೆ. ವಾಹಿನಿಗಳು ಒಂದು ಧಾರಾವಾಹಿಯನ್ನಾದರೂ ವಾರಕ್ಕೊಮ್ಮೆ ಪ್ರಸಾರ ಮಾಡಲು ಒಪ್ಪಿದರೆ, ಚಿತ್ರೀಕರಣಕ್ಕೆ ಮುನ್ನ ನಟರನ್ನು ಕೂರಿಸಿ ಓದಿಸಬಲ್ಲವರು ನಮ್ಮ ರಂಗತಂಡಗಳಲ್ಲಿ ಇವತ್ತಿಗೂ ಇದ್ದಾರೆ.