ಜೇನು ಸಾಕಣೆಯ ಉಡುಪು: ಎಲ್ಲಕ್ಕೂ ಒಂದೇ ಅಂಗಿ ಸಾಕೇ?

ಜೇನು ಸಾಕಣೆಯ ಕೈಪಿಡಿಗಳಲ್ಲಿ, ಪ್ರದರ್ಶನದ ಫಲಕಗಳಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರ ಕಾಣುತ್ತದೆ. ಮೈತುಂಬ ಬಿಳಿ ನಿಲುವಂಗಿ, ಅಗಲ ಅಂಚಿನ ಟೋಪಿ, ಮುಖಪರದೆ, ಮೊಣಕೈವರೆಗೆ ಕೈಗವಸು, ಕಾಲಿಗೆ ಬೂಟು. ಗಗನಯಾತ್ರಿಯಂತೆ ಸಜ್ಜಾದ ಈ ವ್ಯಕ್ತಿಯನ್ನು ನೋಡಿ ವಿದ್ಯಾರ್ಥಿಗಳು ಎರಡು ತಪ್ಪು ಪಾಠಗಳನ್ನು ಕಲಿಯುತ್ತಾರೆ. ಎಲ್ಲ ಜೇನೂ ಒಂದೇ ಬಗೆಯಲ್ಲಿ ಅಪಾಯಕಾರಿ ಎಂಬುದು ಮೊದಲನೆಯದು. ಮೈ ಮುಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬುದು ಎರಡನೆಯದು. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಜೇನು ಮತ್ತು ಹವೆಯನ್ನು ಮುಂದಿಟ್ಟುಕೊಂಡು ಈ ನಂಬಿಕೆಗಳನ್ನು ಪರೀಕ್ಷಿಸೋಣ.

ಯಾವ ಜೇನಿಗೆ ಈ ಉಡುಪು?

ಈ ಭಾಗದಲ್ಲಿ ಪೆಟ್ಟಿಗೆಯಲ್ಲಿ ಸಾಕುವುದು ಮುಖ್ಯವಾಗಿ ತುಡುವೆ ಜೇನನ್ನು. ಕಾಡಿನ ಎತ್ತರದ ಮರಗಳಲ್ಲಿ, ಬಂಡೆಗಳಲ್ಲಿ ಹೆಜ್ಜೇನು ಇದೆ. ಪೊದೆಗಳಲ್ಲಿ ಕೋಲುಜೇನು ಇದೆ. ಗೋಡೆ, ಮರದ ಪೊಟರೆಗಳಲ್ಲಿ ಮುಳ್ಳೇ ಇಲ್ಲದ ಮಿಸ್ರಿ ಜೇನು ಇದೆ. ಮಿಸ್ರಿಗೆ ಉಡುಪೇ ಬೇಡ. ತುಡುವೆ ಸಾಮಾನ್ಯವಾಗಿ ಸೌಮ್ಯ. ಹೊಗೆತಿದಿಯಿಂದ ಸ್ವಲ್ಪ ಹೊಗೆ ಕೊಟ್ಟು, ಅವಸರವಿಲ್ಲದೆ ಚೌಕಟ್ಟು ಎತ್ತಿದರೆ ಹೆಚ್ಚಾಗಿ ಕಚ್ಚದು. ಹೆಜ್ಜೇನು ಕೆರಳಿದರೆ ಸಾವಿರಗಟ್ಟಲೆಯಾಗಿ ಎರಗುತ್ತದೆ, ಬಹುದೂರ ಬೆನ್ನಟ್ಟುತ್ತದೆ.

ಅಂಗಡಿಯಲ್ಲಿ ಸಿಗುವ ನಿಲುವಂಗಿಯ ವಿನ್ಯಾಸವು ಇವು ಯಾವುದಕ್ಕೂ ಹುಟ್ಟಿದ್ದಲ್ಲ. ಅದು ತಂಪು ದೇಶಗಳಲ್ಲಿ, ಯುರೋಪಿನ ಜೇನು ಸಾಕುವವರ ನಡುವೆ ಬೆಳೆದು ಬಂದದ್ದು. ಆ ಜೇನು ನಮ್ಮ ದೇಶದಲ್ಲಿ ನೆಲೆಗೊಂಡದ್ದು 1962ರ ನಂತರ, ಅದೂ ಉತ್ತರದ ಕಾಂಗ್ಡಾ ಕಣಿವೆಯ ನಗ್ರೋಟಾದಲ್ಲಿ. ಜೇನಿನ ಜೊತೆಗೆ ಉಡುಪಿನ ಮಾದರಿಯೂ ಬಂದಿತು. ಆದರೆ ಅದನ್ನು ನಮ್ಮ ಹವೆಗೆ ಒಗ್ಗಿಸುವ ಕೆಲಸ ಹಿಂದೆ ಬಿದ್ದಿತು.

ಬೆವರಿನ ಲೆಕ್ಕ

ಜೇನು ತೆಗೆಯುವ ಕಾಲವೇ ಬೇಸಿಗೆ. ಮಾರ್ಚ್–ಏಪ್ರಿಲ್‌ನಲ್ಲಿ ಹಳಿಯಾಳ, ಮುಂಡಗೋಡದ ಬಯಲಿನಲ್ಲಿ ಮಧ್ಯಾಹ್ನದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಜೋಯಿಡಾದ ದಟ್ಟ ಕಾಡಿನಲ್ಲಿ ಬಿಸಿಲು ಕಡಿಮೆಯಾದರೂ ತೇವಾಂಶ ಹೆಚ್ಚು. ದೇಹ ತಣ್ಣಗಾಗುವ ಮುಖ್ಯ ದಾರಿ ಬೆವರು ಆವಿಯಾಗುವುದು. ಒಂದು ಗ್ರಾಂ ಬೆವರು ಆವಿಯಾದಾಗ ಸುಮಾರು 2.4 ಕಿಲೋಜೂಲ್ ಶಾಖ ಮೈಯಿಂದ ಹೊರಹೋಗುತ್ತದೆ. ಆದರೆ ಒತ್ತಾಗಿ ನೇಯ್ದ ನೈಲಾನ್ ಅಥವಾ ಪಾಲಿಯೆಸ್ಟರ್ ಅಂಗಿಯೊಳಗಿನ ಗಾಳಿ ಬೇಗ ಆವಿಯಿಂದ ತುಂಬುತ್ತದೆ. ಆಮೇಲೆ ಬೆವರು ಆವಿಯಾಗದು, ಬರಿದೇ ಸುರಿಯುತ್ತದೆ.

ಇದು ಕೇವಲ ಸೌಖ್ಯದ ಪ್ರಶ್ನೆಯಲ್ಲ. ಕಣ್ಣಿಗೆ ಬೆವರು ಇಳಿದಾಗ ಕೆಲಸಗಾರ ಪರದೆ ಎತ್ತಿ ಒರೆಸಿಕೊಳ್ಳುತ್ತಾನೆ. ಉಸಿರು ಕಟ್ಟಿದಂತಾದಾಗ ಕತ್ತಿನ ಜಿಪ್ ಇಳಿಸುತ್ತಾನೆ. ಬಳಲಿದಾಗ ಚೌಕಟ್ಟನ್ನು ಒರಟಾಗಿ ಇಡುತ್ತಾನೆ, ಹುಳುಗಳು ಜಜ್ಜಿಹೋಗುತ್ತವೆ. ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ. ಅಂದರೆ ಉಡುಪಿನ ಅನಾನುಕೂಲವೇ ಉಡುಪಿನ ರಕ್ಷಣೆಯನ್ನು ಮುರಿಯುತ್ತದೆ. ಗೂಟಕ್ಕೆ ನೇತುಹಾಕಿದ ದುಬಾರಿ ಅಂಗಿಗಿಂತ ತಾಸುಗಟ್ಟಲೆ ತೊಡಬಹುದಾದ ಸರಳ ಅಂಗಿಯೇ ಸುರಕ್ಷಿತ.

ಮುಖಪರದೆ ಹೇಗಿರಬೇಕು?

ತುಡುವೆ ಸಾಕುವವರಿಗೆ ಬಿಡಬಾರದ ಸಾಧನ ಮುಖಪರದೆ. ಕಣ್ಣು, ತುಟಿ, ಗಂಟಲಿನ ಕಡಿತ ಅಪಾಯಕಾರಿ. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಕೂಡ ಕೆರಳಿದ ಜೇನನ್ನು ಮುಖದತ್ತ ಸೆಳೆಯುತ್ತದೆ. ಆದರೂ ಅಗ್ಗದ ಟೋಪಿಗಳಲ್ಲಿ ಎರಡು ದೋಷಗಳು ಪದೇ ಪದೇ ಕಾಣುತ್ತವೆ. ಒಂದು, ಬಲೆ ಬಿಳಿಯ ಬಣ್ಣದ್ದು. ಬಿಸಿಲಿನಲ್ಲಿ ಬಿಳಿ ಬಲೆ ಬೆಳಕನ್ನು ಚೆದರಿಸಿ ಕಣ್ಣು ಕೋರೈಸುತ್ತದೆ, ಕೋಶದ ತಳದಲ್ಲಿರುವ ಮೊಟ್ಟೆ ಕಾಣುವುದಿಲ್ಲ. ಕಪ್ಪು ಬಲೆ ಬೆಳಕನ್ನು ಹೀರುವುದರಿಂದ ಅದರಾಚೆಯ ನೋಟ ಸ್ಪಷ್ಟ. ಇನ್ನೊಂದು, ಟೋಪಿಯ ಅಂಚು ಮೆತ್ತಗಿದ್ದು ಗಾಳಿ ಬೀಸಿದಾಗ ಬಲೆ ಮೂಗಿಗೆ, ಕತ್ತಿಗೆ ಅಂಟುತ್ತದೆ. ಅಂಟಿದ ಕಡೆ ಬಲೆ ಇದ್ದೂ ಇಲ್ಲದಂತೆ. ಸುಮಾರು 1568ರಲ್ಲಿ ಪೀಟರ್ ಬ್ರೂಗೆಲ್ ಬಿಡಿಸಿದ ರೇಖಾಚಿತ್ರದಲ್ಲಿ ಜೇನುಗಾರರು ಹೆಣೆದು ಮಾಡಿದ ಗಟ್ಟಿ ದುಂಡು ಮುಖವಾಡ ಧರಿಸಿದ್ದಾರೆ. ರಕ್ಷಣೆ ಕೊಡುವುದು ಬಲೆಗಿಂತ ಹೆಚ್ಚಾಗಿ ಬಲೆಗೂ ಮುಖಕ್ಕೂ ನಡುವಿನ ಅಂತರ ಎಂಬ ತತ್ವ ಅಲ್ಲೇ ಇದೆ. ನಮ್ಮಲ್ಲಿ ಬಿದಿರಿನ ಬಳೆ ಅಥವಾ ತಂತಿಯ ಬಳೆ ಹೊಲಿದು ಇದನ್ನು ಸಾಧಿಸಬಹುದು. ಬಲೆಯ ರಂಧ್ರ 3 ಮಿಲಿಮೀಟರ್ ಮೀರಬಾರದು.

ಅಂಗಿಗೆ ತಿಳಿ ಬಣ್ಣದ, ನುಣುಪಾದ, ಸಡಿಲ ಹತ್ತಿ ಬಟ್ಟೆ ಸಾಕು. ಕಪ್ಪು ಬಣ್ಣ, ಉಣ್ಣೆಯಂಥ ರೋಮವುಳ್ಳ ಬಟ್ಟೆ ಜೇನನ್ನು ಕೆರಳಿಸುತ್ತದೆ. ಮಣಿಕಟ್ಟು ಮತ್ತು ಕಾಲ್ಗಂಟಿನಲ್ಲಿ ಎಲಾಸ್ಟಿಕ್ ಇರಲಿ.

ದಪ್ಪ ಕೈಗವಸಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಅದು ಬೆರಳಿನ ಸ್ಪರ್ಶಜ್ಞಾನವನ್ನು ಕಸಿಯುತ್ತದೆ. ಅದಕ್ಕೆ ಚುಚ್ಚಿದ ಜೇನಿನ ಮುಳ್ಳು ಅಲ್ಲೇ ಉಳಿದು ಐಸೋಪೆಂಟೈಲ್ ಅಸಿಟೇಟ್ ಎಂಬ ರಾಸಾಯನಿಕವನ್ನು ಸೂಸುತ್ತದೆ. ಬಾಳೆಹಣ್ಣಿನ ವಾಸನೆಯ ಇದು ಉಳಿದ ಜೇನುಗಳಿಗೆ ದಾಳಿಯ ಸಂಕೇತ. ಒಗೆಯಲಾಗದ ಚರ್ಮದ ಗವಸು ಈ ಸಂಕೇತವನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೊತ್ತೊಯ್ಯುತ್ತದೆ. ರೋಗಾಣುಗಳೂ ಹಾಗೆಯೇ ಸಾಗಬಹುದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗದಿಂದ ಕರ್ನಾಟಕದ ತುಡುವೆ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನಾಶವಾದುದನ್ನು ಮರೆಯಬಾರದು. ಒಗೆಯಬಹುದಾದ ತೆಳು ಗವಸು ಕಲಿಯುವವರಿಗೆ ಒಳ್ಳೆಯದು.

ಇತ್ತೀಚೆಗೆ ಮೂರು ಪದರದ ಜಾಲರಿ ಉಡುಪು ಬಂದಿದೆ. ಎರಡು ಬಲೆಗಳ ನಡುವೆ ದಪ್ಪ ಜಾಲರಿ ಇಟ್ಟು, ಒಟ್ಟು ದಪ್ಪ ಜೇನಿನ ಮುಳ್ಳಿನ ಉದ್ದಕ್ಕಿಂತ ಹೆಚ್ಚಿರುವಂತೆ ಮಾಡಿರುತ್ತಾರೆ. ಗಾಳಿ ಆಡುತ್ತದೆ, ಮುಳ್ಳು ತಲುಪದು. ವಿಜ್ಞಾನದ ದೃಷ್ಟಿಯಿಂದ ಇದು ಸರಿಯಾದ ಪರಿಹಾರ. ಆದರೆ ಬೆಲೆ ಹೆಚ್ಚು, ಮುಳ್ಳುಕಂಟಿಗೆ ಸಿಕ್ಕಿದರೆ ಹರಿಯುತ್ತದೆ, ಮೊಣಕಾಲು ಊರಿದಾಗ ಜಾಲರಿ ಒತ್ತಿಹೋಗುತ್ತದೆ. ಎರಡು ಪೆಟ್ಟಿಗೆ ತುಡುವೆ ಇಟ್ಟ ರೈತನಿಗೆ ಅದು ಅನಗತ್ಯ ಖರ್ಚು.

ಹುಸಿ ಧೈರ್ಯದ ಅಪಾಯ

ನಿಲುವಂಗಿಯ ಮೇಲಿನ ಗಂಭೀರ ಆಕ್ಷೇಪ ಬೇರೆಯೇ ಇದೆ. ತುಡುವೆಗೆ ಹೆಚ್ಚಾದ ಅದೇ ಅಂಗಿ ಹೆಜ್ಜೇನಿಗೆ ಸಾಲದು. ಹೆಜ್ಜೇನಿನ ಮುಳ್ಳು ತುಡುವೆಯದಕ್ಕಿಂತ ಉದ್ದ. ಬೆವರಿನಿಂದ ಮೈಗೆ ಅಂಟಿದ ಒಂದೇ ಪದರದ ಬಟ್ಟೆಯನ್ನು ಅದು ಸುಲಭವಾಗಿ ದಾಟುತ್ತದೆ. ಕಾಡಿನಲ್ಲಿ ಜೇನು ಇಳಿಸುವ ಅನುಭವಿಗಳು ಹೊಗೆ ಮತ್ತು ಕತ್ತಲೆಯನ್ನು ನಂಬುವುದು ಸುಮ್ಮನೆ ಅಲ್ಲ. ‘ಅಂಗಿ ಇದೆಯಲ್ಲ’ ಎಂದು ಹಗಲಿನಲ್ಲಿ ಹೆಜ್ಜೇನಿನ ಹತ್ತಿರ ಹೋಗುವುದು ಪ್ರಾಣಕ್ಕೆ ಕುತ್ತು. ನೂರಾರು ಕಡಿತದ ವಿಷ ಯಾರಿಗಾದರೂ ಮಾರಕವಾಗಬಹುದು. ಅಲರ್ಜಿ ಇರುವವರಿಗೆ ಒಂದೇ ಕಡಿತ ಸಾಕು. ಮುಳ್ಳನ್ನು ಹೇಗೆ ತೆಗೆದರು ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದರು ಎಂಬುದು ಮುಖ್ಯ, ಏಕೆಂದರೆ ವಿಷದ ಬಹುಪಾಲು ಮೊದಲ ಅರ್ಧ ನಿಮಿಷದಲ್ಲೇ ಒಳಸೇರುತ್ತದೆ. ಉಸಿರಾಟದ ತೊಂದರೆ, ತಲೆಸುತ್ತು, ಮೈಯೆಲ್ಲ ದದ್ದು ಕಂಡರೆ ತಡಮಾಡದೆ ಅಡ್ರಿನಲಿನ್ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ಒಯ್ಯಬೇಕು.

ಶಾಲೆಯಲ್ಲೇ ಪರೀಕ್ಷಿಸಿ

ಉಡುಪು ಕೊಳ್ಳುವ ಮೊದಲು ಅದರ ಬಟ್ಟೆಯನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಲೋಟಗಳಿಗೆ ಸಮ ಪ್ರಮಾಣದ ಬಿಸಿನೀರು ಹಾಕಿ. ಬಾಯಿಗೆ ಕ್ರಮವಾಗಿ ಪಾಲಿಯೆಸ್ಟರ್, ಹತ್ತಿ, ಜಾಲರಿಯ ತುಂಡುಗಳನ್ನು ಬಿಗಿಯಾಗಿ ಕಟ್ಟಿ ತೂಗಿ. ಎರಡು ತಾಸಿನ ನಂತರ ಮತ್ತೆ ತೂಗಿ. ತೂಕ ಹೆಚ್ಚು ಇಳಿದ ಲೋಟದ ಬಟ್ಟೆ ಹೆಚ್ಚು ಆವಿ ಬಿಡುತ್ತದೆ. ಇನ್ನು ಗುಂಡುಸೂಜಿಯ ತುದಿಯಿಂದ 3 ಮಿಲಿಮೀಟರಿಗೆ ಗುರುತು ಮಾಡಿ, ಅದೇ ಬಟ್ಟೆಗಳನ್ನು ಒಂದು ಆಲೂಗಡ್ಡೆಯ ಮೇಲೆ ಸಡಿಲವಾಗಿ, ಆಮೇಲೆ ಬಿಗಿಯಾಗಿ ಹೊದಿಸಿ ಗುರುತಿನವರೆಗೆ ಚುಚ್ಚಿ ನೋಡಿ. ಸೂಜಿ ಯಾವಾಗ ಆಲೂಗಡ್ಡೆಗೆ ತಾಗಿತು, ಯಾವಾಗ ತಾಗಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಬರೆದಿಡಲಿ. ಯಾವ ಜೇನಿಗೆ, ಯಾವ ಊರಿನ ಹವೆಗೆ ಯಾವ ಬಟ್ಟೆ ಎಂಬ ತೀರ್ಮಾನವನ್ನು ಆ ಪಟ್ಟಿ ನೋಡಿ ಅವರೇ ಮಾಡಬಲ್ಲರು.